ಕಂತಿನಲ್ಲಿ ತಿರುಗಿದ ಹಡಗು

ಆ ರಾತ್ರಿ ನಾನು ಹಡಗನ್ನು ಬಲಕ್ಕೆ ತಿರುಗಿಸಿದ್ದು ಒಟ್ಟು 17 ಡಿಗ್ರಿ. ಒಂದೇ ಸಲಕ್ಕಲ್ಲ, ಐದು ಕಂತಿನಲ್ಲಿ. ಮೊದಲು ಮೂರು, ಆಮೇಲೆ ನಾಲ್ಕು, ಎರಡು, ಐದು, ಮತ್ತೆ ಮೂರು. ಹಳೇ ಸಾಲ ತೀರಿಸುವವನ ಹಾಗೆ. ಅದಕ್ಕೆ ಕೆಲವೇ ತಿಂಗಳ ಹಿಂದೆ ಮುಂಬೈಯಲ್ಲಿ ಪರೀಕ್ಷಾಧಿಕಾರಿಯ ಎದುರು ಕೂತು ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಲ್ಲಿ ಎಂಟನೆಯದನ್ನು ಅಕ್ಷರ ಬಿಡದೆ ಒಪ್ಪಿಸಿ ಬಂದಿದ್ದೆ. ದಾರಿ ಬದಲಿಸುವುದಾದರೆ ಎದುರಿನವನಿಗೆ ತಕ್ಷಣ ಗೊತ್ತಾಗುವಷ್ಟು ದೊಡ್ಡದಾಗಿ ಬದಲಿಸು, ಚೂರುಚೂರಾಗಿ ಬದಲಿಸುತ್ತಾ ಹೋಗಬೇಡ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. 1972ರ ನಿಯಮ. ಬಾಯಿಗೆ ಬಂದದ್ದು ಕೈಗೆ ಬಂದಿರಲಿಲ್ಲ.

ಊರಿನ ಹುಡುಗರು ಫೋನ್ ಮಾಡಿದಾಗ ಮೊದಲು ಕೇಳುವುದು ಸಂಬಳ, ಎರಡನೆಯದು ಎಷ್ಟು ದೇಶ ನೋಡಿದೆ ಎಂದು. ಸಂಬಳ ಪರವಾಗಿಲ್ಲ. ದೇಶಗಳ ಪೈಕಿ ಹೆಚ್ಚಿನವನ್ನು ನಾನು ನೋಡಿದ್ದು ಕ್ರೇನಿನ ಸಂದಿಯಲ್ಲಿ. ಇನ್ನು ಈ ಕೆಲಸ ಮನುಷ್ಯನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ.

ನಮ್ಮೂರು ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವ ಕಡೆ. ಅಪ್ಪ ಸೊಸೈಟಿಯಲ್ಲಿ ಗುಮಾಸ್ತ. ಕಡಲಿಗೂ ಅವರಿಗೂ ಇದ್ದ ಸಂಬಂಧ ಸಂಜೆ ಬಂಗುಡೆ ಕೊಳ್ಳುವಷ್ಟೇ. ಸಮುದ್ರ ನನಗೆ ಬಂದದ್ದು ಸೋದರಮಾವನಿಂದ. ಅವನದೊಂದು ಬೋಟಿತ್ತು. ನನಗೆ ಹದಿನಾಲ್ಕು ವರ್ಷವಿದ್ದಾಗ ಒಮ್ಮೆ ಅಮ್ಮನಿಗೆ ಹೇಳದೆ ಅವನ ಜೊತೆ ಹೋಗಿದ್ದೆ. ಹೋಗುವಾಗ ಏನೂ ಅನಿಸಲಿಲ್ಲ. ವಾಪಸ್ ಬರುವಾಗ ಅಳಿವೆಯಲ್ಲಿ ತೆರೆ ಎದ್ದಿತ್ತು.

ಅಳಿವೆ ಎಂದರೆ ಗೊತ್ತಿಲ್ಲದವರಿಗೆ: ಹೊಳೆ ಸಮುದ್ರಕ್ಕೆ ಬೀಳುವ ಬಾಯಿ. ನಮ್ಮಲ್ಲಿ ಅಲ್ಲಿ ಮರಳು ತುಂಬಿಕೊಳ್ಳುತ್ತದೆ, ದಿಬ್ಬ ಜಾಗ ಬದಲಿಸುತ್ತದೆ, ನೀರು ತೆಳ್ಳಗಿರುವ ಕಡೆ ತೆರೆ ಒಡೆದು ಏಳುತ್ತದೆ. ಬೋಟು ಮಗುಚುವುದು ನಡುಗಡಲಿನಲ್ಲಿ ಕಡಿಮೆ, ಮನೆ ಕಾಣುವ ಈ ಜಾಗದಲ್ಲೇ ಜಾಸ್ತಿ. ಮಾವ ಹೊರಗೇ ಬೋಟು ನಿಲ್ಲಿಸಿ, ಎಂಜಿನ್ ನಿಧಾನ ಮಾಡಿ, ಹಿಂದೆ ತಿರುಗಿ ತೆರೆ ಎಣಿಸುತ್ತಾ ನಿಂತ. ಹತ್ತು ನಿಮಿಷವಾಯಿತು, ಹದಿನೈದಾಯಿತು. ನನಗೆ ಹಸಿವು. "ಈಗ ಹೋಗೂಕಾಗ್ತದಲ್ಲ ಮಾವ" ಎಂದೆ. ಅವನು ಮಾತಾಡಲಿಲ್ಲ. ಒಂದು ದೊಡ್ಡ ತೆರೆಗಳ ಗುಂಪು ದಾಟಿದ್ದೇ ತಡ ಎಂಜಿನ್ ಪೂರ್ತಿ ಎತ್ತಿದ. ಬೋಟು ನೆಗೆಯಿತು. ಮಧ್ಯದಲ್ಲಿ ಹಿಂದಿನಿಂದ ಇನ್ನೊಂದು ತೆರೆ ಬರುವುದು ಕಂಡು ನಾನು ಕೂಗಿದೆ. ಅವನ ಕೈ ಅಲುಗಲಿಲ್ಲ. ಒಳಗೆ ಬಂದ ಮೇಲೆ, ಬೀಡಿ ಹಚ್ಚಿಕೊಂಡು ಹೇಳಿದ: "ತಮಾ, ಹೋಗೂದಾದ್ರೆ ಹೋಗು, ಇಲ್ದೇ ಇದ್ರೆ ಹೊರ್ಗೇ ನಿಲ್ಲು. ನಡು ಅಳಿವೆಲಿ ಯೋಚ್ನೆ ಮಾಡೂಕೆ ಹೋಗ್ಬೇಡ." ಅಲ್ಲಿ ಎಂಜಿನ್ ತಗ್ಗಿಸಿದರೆ ಹಿಂದಿನ ತೆರೆ ಬೋಟಿನ ಬೆನ್ನು ಹಿಡಿದು ಅಡ್ಡ ತಿರುಗಿಸಿಬಿಡುತ್ತದೆ. ಅಡ್ಡ ತಿರುಗಿದರೆ ಮುಗಿಯಿತು.

ಪಿಯುಸಿ ಮುಗಿದದ್ದು 2013ರಲ್ಲಿ. ಗೆಳೆಯರೆಲ್ಲ ಎಂಜಿನಿಯರಿಂಗ್ ಕೌನ್ಸೆಲಿಂಗ್‌ಗೆ ಓಡಿದರು. ನನಗೆ ಹಡಗು. ಆ ಹುಕಿಯಲ್ಲಿ ಮೊದಲ ವರ್ಷ ಹಾಳು ಮಾಡಿಕೊಂಡೆ. ಪೇಟೆಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ, ಗಲ್ಫ್‌ನಲ್ಲಿ ಹಡಗು ರೆಡಿ ಇದೆ, ಮುಂಗಡ ಕೊಟ್ಟರೆ ಮೂರು ತಿಂಗಳಲ್ಲಿ ಕೆಲಸ ಎಂದ. ಅಪ್ಪ ಪಿಎಫ್‌ನಿಂದ ತೆಗೆದು 80,000 ಕೊಟ್ಟರು. ಮೂರು ತಿಂಗಳಾದ ಮೇಲೆ ಅವನ ಆಫೀಸಿಗೆ ಹೋದರೆ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಈಗ ಕೇಳುವ ಹುಡುಗರಿಗೆಲ್ಲ ಮೊದಲು ಹೇಳುವುದು ಇದನ್ನೇ: ಹಡಗಿಗೆ ಜನ ಕಳಿಸುವವರಿಗೆ ಸರ್ಕಾರದ ಪರವಾನಗಿ ಬೇಕು, ಅದನ್ನು ಆರ್‌ಪಿಎಸ್‌ಎಲ್ ಎನ್ನುತ್ತಾರೆ, ಪಟ್ಟಿ ಡಿಜಿ ಶಿಪ್ಪಿಂಗ್ ಎಂಬ ಸರ್ಕಾರಿ ಕಚೇರಿಯ ಜಾಲತಾಣದಲ್ಲೇ ಇದೆ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ಕೇಳುವುದೇ ನಿಯಮಕ್ಕೆ ವಿರುದ್ಧ. ಕೇಳಿದ ಎಂದರೆ ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ, ಟೀ ಕುಡಿದು ದುಡ್ಡು ಕೊಟ್ಟು ಬಂದೆ.

ಮರುವರ್ಷ ಸರಿಯಾದ ದಾರಿ ಹಿಡಿದೆ. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಶೇಕಡಾ 60 ಇರಬೇಕು. ಆಮೇಲೆ ವೈದ್ಯಕೀಯ ತಪಾಸಣೆ. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಿಸುತ್ತಾರೆ. ನನ್ನ ಮುಂದೆ ನಿಂತಿದ್ದ ಹುಡುಗನಿಗೆ ಆ ಅಂಕಿ ಕಾಣಲಿಲ್ಲ. ತನಗೆ ಬಣ್ಣಗುರುಡಿದೆ ಎಂದು ಅವನಿಗೆ ಗೊತ್ತಾದದ್ದೇ ಅಂದು. ರಾತ್ರಿ ಸಮುದ್ರದಲ್ಲಿ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಅವೆರಡೂ ಒಂದೇ ಥರ ಕಂಡರೆ ಎದುರಿನವನು ಎಡಕ್ಕೆ ಹೋಗುತ್ತಿದ್ದಾನೋ ಬಲಕ್ಕೆ ಹೋಗುತ್ತಿದ್ದಾನೋ ಎಂದು ಹೇಳುವುದು ಹೇಗೆ?

ಒಂದು ವರ್ಷದ ಡಿಎನ್‌ಎಸ್, ಅಂದರೆ ಹಡಗು ನಡೆಸುವ ವಿದ್ಯೆಯ ಡಿಪ್ಲೊಮಾ. ಬೆಳಗ್ಗೆ ಐದೂವರೆಗೆ ಪಿಟಿ, ಹಾಸಿಗೆಯ ಮೇಲೆ ಸುಕ್ಕಿರಬಾರದು, ಶೂನಲ್ಲಿ ಮುಖ ಕಾಣಬೇಕು. ಅಲ್ಲಿ ಶಿಸ್ತು ಎಂದು ಕರೆಯುತ್ತಿದ್ದುದರಲ್ಲಿ ಅರ್ಧ ಸೀನಿಯರ್‌ಗಳ ಹೊತ್ತುಗಳೆಯುವ ಆಟ ಎಂದೇ ನನಗೆ ಇವತ್ತಿಗೂ ಅನಿಸುತ್ತದೆ. ಶೂ ಹೊಳೆಯುವುದಕ್ಕೂ ಹಡಗು ಮುಳುಗದೆ ಇರುವುದಕ್ಕೂ ಸಂಬಂಧವಿಲ್ಲ. ನಿಜವಾದ ಶಿಸ್ತು ಯಾವುದು ಎಂದು ಗೊತ್ತಾದದ್ದು ಹಡಗಿನ ಮೇಲೆ, ಒಂದು ಹಿತ್ತಾಳೆ ಗುಂಡು ಮತ್ತು ಒಂದು ಸೀಮೆಸುಣ್ಣದ ತುಂಡಿನಿಂದ.

ಡಿಪ್ಲೊಮಾ ಆದವನಿಗೆ ಪರೀಕ್ಷೆಗೆ ಕೂರಲು ಮೊದಲು 18 ತಿಂಗಳು ಹಡಗಿನ ಮೇಲೆ ಕೆಡೆಟ್ ಆಗಿ ದುಡಿದಿರಬೇಕು. ಕಂಪನಿ ಸಿಗದೆ ವರ್ಷಗಟ್ಟಲೆ ಕಾದವರು, ಕಾದು ಕಾದು ಬೇರೆ ಕೆಲಸ ಹಿಡಿದವರು ನನ್ನ ಬ್ಯಾಚಿನಲ್ಲೇ ಇದ್ದಾರೆ. ನನಗೆ ಐದು ತಿಂಗಳಲ್ಲಿ ಹಡಗು ಸಿಕ್ಕಿತು. ಬಲ್ಕ್ ಕ್ಯಾರಿಯರ್, ಅಂದರೆ ಕಲ್ಲಿದ್ದಲು, ಅದಿರು, ಗೋಧಿಯನ್ನು ಚೀಲವಿಲ್ಲದೆ ಸುರಿದುಕೊಂಡು ಹೋಗುವ ಹಡಗು.

ಕೆಡೆಟ್ ಎಂದರೆ ಬಿಳಿ ಯೂನಿಫಾರ್ಮ್ ತೊಟ್ಟು ದುರ್ಬೀನು ಹಿಡಿದವನು ಎಂದು ಅಮ್ಮ ನಂಬಿದ್ದಳು. ನಾನು ಬಾಯ್ಲರ್ ಸೂಟ್ ತೊಟ್ಟು ತುಕ್ಕು ಕೆರೆಯುತ್ತಿದ್ದೆ, ಬಣ್ಣ ಹಚ್ಚುತ್ತಿದ್ದೆ, ಕಲ್ಲಿದ್ದಲು ಸುರಿಯುವ ಹಡಗಿನ ಹೊಟ್ಟೆ, ಅಂದರೆ ಹೋಲ್ಡ್, ಗುಡಿಸುತ್ತಿದ್ದೆ. ದಿನಾ ಬೆಳಗ್ಗೆ ಮತ್ತೊಂದು ಕೆಲಸ, ಸೌಂಡಿಂಗ್, ಅಂದರೆ ಹಡಗಿನೊಳಗೆ ಎಲ್ಲಿ ಎಷ್ಟು ನೀರಿದೆ ಎಂದು ಅಳೆಯುವುದು. ಡೆಕ್ ಮೇಲೆ ಅಲ್ಲಲ್ಲಿ ಸಣ್ಣ ಪೈಪುಗಳ ಬಾಯಿ ಇರುತ್ತದೆ. ಹಿತ್ತಾಳೆ ಗುಂಡು ಕಟ್ಟಿದ ಉಕ್ಕಿನ ಟೇಪಿಗೆ ಸೀಮೆಸುಣ್ಣ ತಿಕ್ಕಿ ಪೈಪಿನೊಳಗೆ ಇಳಿಸಬೇಕು. ಗುಂಡು ತಳ ಮುಟ್ಟಿದ ಸದ್ದು ಕೈಗೆ ಗೊತ್ತಾಗುತ್ತದೆ, ಠಕ್ ಎಂದು. ಮೇಲೆತ್ತಿದರೆ ನೀರು ಎಲ್ಲಿವರೆಗೆ ಇದೆಯೋ ಅಲ್ಲಿಯವರೆಗೆ ಸುಣ್ಣ ಒದ್ದೆ. ಆ ಅಂಕಿ ಪುಸ್ತಕದಲ್ಲಿ ಬರೆಯಬೇಕು. ಹೋಲ್ಡುಗಳ ತಳದ ನೀರುಗುಂಡಿ ಬಿಲ್ಜ್, ತೂಕ ಸರಿದೂಗಿಸಲು ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕುಗಳು, ಮುಂದಿನ ತುದಿಯ ಟ್ಯಾಂಕು ಫೋರ್‌ಪೀಕ್. ಎಲ್ಲಾ ಸೇರಿ ಒಂದೂವರೆ ತಾಸು.

ನಾಲ್ಕನೇ ತಿಂಗಳಿಗೆ ನನಗೆ ಬುದ್ಧಿ ಬಂತು. ದಿನಾ ಅದೇ ಅಂಕಿ ಬರುತ್ತದಲ್ಲ? ಒಂದು ದಿನ ಮಳೆ, ಹಡಗು ತೂಗಾಡುತ್ತಿತ್ತು. ಮುಂದಿನ ಮೂರು ಪೈಪುಗಳಿಗೆ ಹೋಗದೆ ನಿನ್ನೆಯ ಅಂಕಿಯನ್ನೇ ಬರೆದೆ. ಒಂದರಲ್ಲಿ ಮಾತ್ರ ಜಾಣತನಕ್ಕೆ ಒಂದು ಸೆಂಟಿಮೀಟರ್ ಜಾಸ್ತಿ ಮಾಡಿದೆ, ನಿಜ ಅನಿಸಲಿ ಎಂದು.

ಚೀಫ್ ಆಫೀಸರ್ ಪುಸ್ತಕ ನೋಡಿದರು, ನನ್ನ ಬೂಟು ನೋಡಿದರು. ಮುಂದಿನ ಡೆಕ್ ಮೇಲೆ ಅಲೆ ಒಡೆಯುತ್ತಿದೆ, ನನ್ನ ಬೂಟು ಒಣಗಿದೆ. ಬೈಯಲಿಲ್ಲ. ರಾತ್ರಿ ಊಟವಾದ ಮೇಲೆ ಸಮುದ್ರ ಸ್ವಲ್ಪ ತಣಿದಿತ್ತು. ತಾವೇ ಟಾರ್ಚ್ ಹಿಡಿದು ಬಂದು, ಮೊದಲ ಪೈಪಿನಿಂದ ಕೊನೆಯದರವರೆಗೆ ಎಲ್ಲಾ ಸೌಂಡಿಂಗ್ ನನ್ನಿಂದ ಮತ್ತೆ ತೆಗೆಸಿದರು. ಎಲ್ಲಾ ಸರಿಯಾಗಿಯೇ ಇತ್ತು. ವಾಪಸ್ ಬರುವಾಗ ಡರ್ಬಿಶೈರ್ ಎಂಬ ಹಡಗಿನ ಕಥೆ ಹೇಳಿದರು. 1980ರಲ್ಲಿ ಜಪಾನಿನ ದಕ್ಷಿಣಕ್ಕೆ ಚಂಡಮಾರುತದಲ್ಲಿ ಮುಳುಗಿದ ಬೃಹತ್ ಬ್ರಿಟಿಷ್ ಹಡಗು, 44 ಜನ, ಒಬ್ಬರೂ ಉಳಿಯಲಿಲ್ಲ. ಎಷ್ಟೋ ವರ್ಷಗಳ ನಂತರ ತಳದಲ್ಲಿ ಅವಶೇಷ ಹುಡುಕಿ ನೋಡಿದಾಗ ತಿಳಿದದ್ದು: ಅಲೆಗಳು ಮುಂಭಾಗದ ಗಾಳಿಕೊಳವೆಗಳನ್ನು ಕಿತ್ತು, ಅಲ್ಲಿಂದ ನೀರು ಒಳಗಿಳಿದು, ಮೂತಿ ತಗ್ಗಿ, ಆಮೇಲೆ ಹೋಲ್ಡಿನ ಮುಚ್ಚಳಗಳು ಕುಸಿದವು. "ನೀನು ಹೋಗದೆ ಬಿಟ್ಟೆಯಲ್ಲ, ಆ ಮೂರು ಪೈಪು ಎಲ್ಲಿವೆ?" ಎಂದು ಕೇಳಿದರು. ಮುಂದುಗಡೆಯೇ ಇದ್ದವು. ಅಷ್ಟು ಹೇಳಿ ಮಲಗಲು ಹೋದರು. ಅದಾದ ಮೇಲೆ ನಾನು ನೋಡದ ಅಂಕಿ ಬರೆದಿಲ್ಲ. ಭಯದಿಂದಲ್ಲ, ಆ ಮನುಷ್ಯ ತನ್ನ ನಿದ್ದೆ ಬಿಟ್ಟು ಒಂದೂವರೆ ತಾಸು ಟಾರ್ಚ್ ಹಿಡಿದು ನಿಂತಿದ್ದ ಕಾರಣಕ್ಕೆ.

ಇದೇ ಹಡಗಿನಲ್ಲಿ ಇನ್ನೊಂದು. ಕಲ್ಲಿದ್ದಲು ತುಂಬಿದ ಹೋಲ್ಡಿನ ಏಣಿಬಾಯಿಯ ಹತ್ತಿರ ನನ್ನ ಟಾರ್ಚ್ ಜಾರಿ ಮೊದಲ ಮೆಟ್ಟಿಲ ಕಟ್ಟೆಯ ಮೇಲೆ ಬಿತ್ತು. ಎರಡಾಳು ಕೆಳಗೆ, ಉರಿಯುತ್ತಾ ಬಿದ್ದಿದೆ, ಕಾಣುತ್ತಿದೆ. ಇಳಿಯಲು ಕಾಲಿಟ್ಟಿದ್ದೆ ಅಷ್ಟೇ. ಸಾರಂಗ, ಅಂದರೆ ಖಲಾಸಿಗಳ ಮುಖ್ಯಸ್ಥ, ಹಿಂದಿನಿಂದ ಕಾಲರ್ ಹಿಡಿದು ಎಳೆದು ಡೆಕ್ ಮೇಲೆ ಕೆಡವಿದ. ಕಲ್ಲಿದ್ದಲು ಗಾಳಿಯ ಆಮ್ಲಜನಕವನ್ನು ತಿಂದು ಹಾಕುತ್ತದೆ. ಮೂಗಿಗೆ ವಾಸನೆಯಿಲ್ಲ, ಕಣ್ಣಿಗೆ ಹೊಗೆಯಿಲ್ಲ. ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಮೀಟರ್ ಇಳಿಸಿ ಆಮ್ಲಜನಕ ಶೇಕಡಾ 20.9 ಎಂದು ತೋರಿಸದೆ ಯಾರೂ ಇಳಿಯುವಂತಿಲ್ಲ. ಗಟ್ಟಿ ನಿರ್ಧಾರ ಎಂದರೆ ಮುನ್ನುಗ್ಗುವುದು ಎಂದು ತಿಳಿದಿದ್ದವನಿಗೆ, ಕಾಲು ಹಿಂದೆ ತೆಗೆಯುವುದಕ್ಕೂ ಅಷ್ಟೇ ವೇಗ ಬೇಕು ಎಂದು ಸಾರಂಗನ ಕೈ ಹೇಳಿತು. ಕುತ್ತಿಗೆ ಎರಡು ದಿನ ನೋಯುತ್ತಿತ್ತು.

18 ತಿಂಗಳು ಎರಡು ಹಡಗುಗಳಲ್ಲಿ ಮುಗಿಯಿತು. 2018ರಲ್ಲಿ ಸೆಕೆಂಡ್ ಮೇಟ್ ಪರೀಕ್ಷೆಗೆ, ಹೆಸರು ಹಾಗಿದ್ದರೂ ಪಾಸಾದವನು ಮೊದಲು ಸೇರುವುದು ಥರ್ಡ್ ಆಫೀಸರ್ ಆಗಿ, ನವಿ ಮುಂಬೈಯಲ್ಲಿ ಆರು ಜನ ಸೇರಿ ಒಂದು ರೂಮು. ಲಿಖಿತ ಪರೀಕ್ಷೆ ಯಾರನ್ನೂ ಅಷ್ಟು ಹೆದರಿಸುವುದಿಲ್ಲ. ಹೆದರಿಸುವುದು ಓರಲ್ಸ್. ಮೇಜಿನ ಮೇಲೆ ಪುಟ್ಟ ಹಡಗಿನ ಮಾದರಿಗಳು, ಎದುರಿಗೆ ಇಪ್ಪತ್ತು-ಮೂವತ್ತು ವರ್ಷ ಸಮುದ್ರ ಕಂಡ ಅಧಿಕಾರಿ. ದೀಪಗಳ ಜೋಡಣೆ ಹೇಳಿ ಇದು ಯಾವ ಹಡಗು ಎಂದು ಕೇಳುತ್ತಾರೆ. ನೆನಪಿಟ್ಟುಕೊಳ್ಳಲು ಇಂಗ್ಲಿಷಿನಲ್ಲಿ ಪ್ರಾಸಗಳಿವೆ. ನಾನು ನನ್ನವೇ ಕಟ್ಟಿಕೊಂಡಿದ್ದೆ. ಹಸಿರು ದೀಪದ ಕೆಳಗೆ ಬಿಳಿ ಇದ್ದರೆ ಟ್ರಾಲ್ ಬೋಟು: "ಹಸಿರಡಿ ಬಿಳಿ, ಬಲೆ ಎಳಿ." ರೂಮಿನ ಪಂಜಾಬಿ ಹುಡುಗನೂ ಅದನ್ನೇ ಹಾಡುತ್ತಾ ಸ್ನಾನ ಮಾಡುತ್ತಿದ್ದ.

ಮೊದಲ ಸಲ ಫೇಲಾದೆ. ಪ್ರಶ್ನೆ ಸರಳ. ದಟ್ಟ ಮಂಜು. ರೇಡಾರಿನಲ್ಲಿ ಬಲಗಡೆ ಮುಂದಕ್ಕೆ ಒಂದು ಹಡಗು, ಆರು ಮೈಲಿ, ಹೀಗೇ ಹೋದರೆ ಡಿಕ್ಕಿ. ಏನು ಮಾಡುತ್ತೀಯ?

"ಸರ್, ಅವನು ನನ್ನ ಬಲಗಡೆ ಇದ್ದಾನೆ, ಹಾಗಾಗಿ ದಾರಿ ಬಿಡಬೇಕಾದವನು ನಾನು..."

"ಅವನನ್ನು ನೋಡಿದೆಯಾ?"

"ಹೌದು ಸರ್, ರೇಡಾರಿನಲ್ಲಿ."

"ನೋಡಿದೆಯಾ?"

ಎರಡನೇ ಸಲ ಕೇಳಿದಾಗಲಾದರೂ ಹೊಳೆಯಬೇಕಿತ್ತು. ದಾರಿ ಬಿಡುವವನು, ದಾರಿ ಹಿಡಿದು ಸಾಗುವವನು ಎಂಬ ಲೆಕ್ಕವೆಲ್ಲ ಹಡಗುಗಳು ಕಣ್ಣಿಗೆ ಕಾಣುವಾಗ ಮಾತ್ರ. ಮಂಜಿನಲ್ಲಿ ಹತ್ತೊಂಬತ್ತನೇ ನಿಯಮ. ಅಲ್ಲಿ ಯಾರಿಗೂ ಹಕ್ಕಿಲ್ಲ, ಇಬ್ಬರೂ ತಪ್ಪಿಸಿಕೊಳ್ಳಬೇಕು, ಮುಂದಿರುವ ಹಡಗಿಗೆ ಎಡಕ್ಕೆ ತಿರುಗುವಂತಿಲ್ಲ. ಬಲಕ್ಕೆ ತಿರುಗುತ್ತೇನೆ ಎಂಬ ನನ್ನ ಉತ್ತರ ಸರಿಯಿತ್ತು, ಕಾರಣ ತಪ್ಪಿತ್ತು. ಕಾರಣ ತಪ್ಪಿದವನು ಇನ್ನೊಂದು ರಾತ್ರಿ ಉತ್ತರವನ್ನೂ ತಪ್ಪುತ್ತಾನೆ. ಅವರು ಮಾದರಿ ಹಡಗುಗಳನ್ನು ಒಂದು ಬದಿಗೆ ಸರಿಸಿದರು. ಅಷ್ಟೇ. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಿಂತುಕೊಂಡು ಬರುವಾಗ ಅಪ್ಪನ ಫೋನು ಬಂತು, ಎತ್ತಲಿಲ್ಲ.

ಎರಡನೇ ಸಲ ಅದೇ ಅಧಿಕಾರಿ ಅಲ್ಲ. ಈ ಸಲ ದಾರಿ ನನ್ನದು, ಎಡಗಡೆಯಿಂದ ಬರುವವನು ತಪ್ಪಿಸಬೇಕು, ತಪ್ಪಿಸುತ್ತಿಲ್ಲ. ಏನು ಮಾಡುತ್ತೀಯ? ಐದು ಚಿಕ್ಕ ಸೀಟಿ ಊದುತ್ತೇನೆ, ಕ್ಯಾಪ್ಟನ್‌ರನ್ನು ಕರೆಯುತ್ತೇನೆ, ಆದರೂ ಅವನು ಅಲುಗದಿದ್ದರೆ ನಾನೇ ತಿರುಗುತ್ತೇನೆ, ಎಡಗಡೆಯವನಿಗೆ ಎಡಕ್ಕೆ ಮಾತ್ರ ತಿರುಗುವುದಿಲ್ಲ. "ಎಷ್ಟು ತಿರುಗುತ್ತೀಯ?" ಆಗ ಎಂಟನೇ ನಿಯಮ ಗಡಗಡ ಒಪ್ಪಿಸಿದೆ. ಪಾಸು. ಡಿಸೆಂಬರಿನಲ್ಲಿ ಥರ್ಡ್ ಆಫೀಸರ್ ಆಗಿ ಹಡಗು ಹತ್ತಿದೆ. ಖಲಾಸಿಗಳು "ಥರ್ಡ್ ಸಾಬ್" ಎಂದು ಕರೆದಾಗ ಮೊದಲ ವಾರ ಹಿಂದೆ ತಿರುಗಿ ನೋಡುತ್ತಿದ್ದೆ, ಯಾರನ್ನು ಎಂದು.

ಈಗ ಆ ರಾತ್ರಿ. 2019ರ ಜನವರಿ. ಇಂಡೋನೇಷ್ಯಾದಿಂದ ಐವತ್ತು ಸಾವಿರ ಟನ್‌ಗೂ ಮೇಲ್ಪಟ್ಟು ಕಲ್ಲಿದ್ದಲು ಹೇರಿಕೊಂಡು ಪಣಂಬೂರಿಗೆ ಬರುತ್ತಿದ್ದೆವು. ಶ್ರೀಲಂಕಾ ಬಳಸಿ, ಕನ್ಯಾಕುಮಾರಿ ದಾಟಿ, ಕೊಚ್ಚಿಯ ಹೊರಗೆ ಉತ್ತರಕ್ಕೆ ಮುಖ. ಮರುದಿನ ಮಧ್ಯಾಹ್ನ ಮಂಗಳೂರು. ಥರ್ಡ್ ಆಫೀಸರ್‌ನ ವಾಚ್, ಅಂದರೆ ಹಡಗು ನೋಡಿಕೊಳ್ಳುವ ಪಾಳಿ, ಎಂಟರಿಂದ ಹನ್ನೆರಡು, ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ.

ಒಂದು ಮಾತು ಮುಚ್ಚಿಡುವುದಿಲ್ಲ. ವಾಚಿಗೆ ಹೋಗುವ ಐದು ನಿಮಿಷ ಮೊದಲು ವಾಟ್ಸಾಪ್ ನೋಡಿದ್ದೆ. ಕರಾವಳಿ ಹತ್ತಿರವಾದಂತೆ ಫೋನಿಗೆ ಸಿಗ್ನಲ್ಲಿನ ಆಸೆ. ಹಡಗಿನ ವೈಫೈ ಬೇರೆ. ಪಕ್ಕದ ಮನೆಯವರು ಪಾಗಾರ ಕಟ್ಟುವಾಗ ನಮ್ಮ ಜಾಗಕ್ಕೆ ಒಂದಡಿ ಬಂದಿದ್ದಾರೆ ಎಂದು ಅಪ್ಪನ ಮೂರು ವಾಯ್ಸ್ ಮೆಸೇಜು. ಎರಡನ್ನು ಕೇಳಿದ್ದೆ, ಮೂರನೆಯದು ಉಳಿದಿತ್ತು. ಮೇಲಾಗಿ ಹಿಂದಿನ ರಾತ್ರಿ ಮೂರರವರೆಗೆ ಸೀರೀಸ್ ನೋಡಿದ್ದೆ. 24 ತಾಸಿನಲ್ಲಿ ಕನಿಷ್ಠ ಹತ್ತು ತಾಸು, ವಾರಕ್ಕೆ 77 ತಾಸು ವಿಶ್ರಾಂತಿ ಎಂಬುದು ಅಂತರರಾಷ್ಟ್ರೀಯ ನಿಯಮ. ಹಾಳೆಯಲ್ಲಿ ನನ್ನದು ಸರಿಯಾಗಿಯೇ ಇತ್ತು. ವಿಶ್ರಾಂತಿ ಕೊಟ್ಟರು, ನಿದ್ದೆ ನಾನು ಮಾಡಲಿಲ್ಲ. ಆ ಹಾಳೆಗಳಷ್ಟು ಅಚ್ಚುಕಟ್ಟಾದ ಸಾಹಿತ್ಯವನ್ನು ಹಡಗಿನಲ್ಲಿ ಬೇರೆಲ್ಲೂ ಓದಿಲ್ಲ, ಅದು ಬೇರೆ ಮಾತು.

ಹತ್ತರ ಹೊತ್ತಿಗೆ ಬಲಗಡೆ, ಮೂತಿಯಿಂದ ಸುಮಾರು 60 ಡಿಗ್ರಿಯಲ್ಲಿ ಒಂದು ಕಂಟೈನರ್ ಹಡಗು. ಕೊಚ್ಚಿಯಿಂದ ಹೊರಟು ಪಶ್ಚಿಮಕ್ಕೆ ಹೋಗುತ್ತಿತ್ತು. ಎಂಟು ಮೈಲಿ. ಅದರ ಕೆಂಪು ದೀಪ ಕಾಣುತ್ತಿದೆ. ದಿಕ್ಸೂಚಿಯಲ್ಲಿ ಹಿಡಿದರೆ ದಿಕ್ಕು ಬದಲಾಗುತ್ತಿಲ್ಲ, ದೂರ ಮಾತ್ರ ಕಡಿಮೆಯಾಗುತ್ತಿದೆ. ದಿಕ್ಕು ಹಾಗೇ ಇದ್ದು ದೂರ ಇಳಿದರೆ ಡಿಕ್ಕಿ. ಬಲಗಡೆಯವನು, ಆದ್ದರಿಂದ ದಾರಿ ಬಿಡಬೇಕಾದವನು ನಾನು. ಈ ಸಲ ನಿಜವಾಗಿಯೂ ಕಣ್ಣಿಗೆ ಕಾಣುತ್ತಿದ್ದಾನೆ. ಮಾಡಬೇಕಾದದ್ದು ಬಲಕ್ಕೆ ಒಂದು ದೊಡ್ಡ ತಿರುವು, ಅವನ ಬೆನ್ನ ಹಿಂದೆ ಹಾದು ಹೋಗುವುದು.

ಆದರೆ ಬಲಕ್ಕೆ, ದಡದ ಕಡೆ, ಮೀನು ಬೋಟುಗಳ ದೀಪ ಜಾತ್ರೆಯ ಹಾಗೆ ಹರಡಿತ್ತು. ಅಲ್ಲಿಗೆ ಹೇಗೆ ನುಗ್ಗಲಿ? ಹಾಗೆಂದು ಸುಮ್ಮನಿರಲೂ ಆಗದು. ಆಟೋಪೈಲಟ್‌ನ ಗುಂಡಿ ತಿರುಗಿಸಿದರೆ ಡಿಗ್ರಿಗೊಂದು ಟಿಕ್ ಎನ್ನುತ್ತದೆ. ಟಿಕ್, ಟಿಕ್, ಟಿಕ್. ಮೂರು. ರೇಡಾರಿನ ಲೆಕ್ಕ ಸ್ಥಿರವಾಗಲು ಕಾದೆ. ಹೀಗೇ ಹೋದರೆ ಇಬ್ಬರೂ ಎಷ್ಟು ಹತ್ತಿರ ಹಾಯುತ್ತೇವೆ ಎಂಬ ಅಂತರ 0.2 ಮೈಲಿ ಇದ್ದದ್ದು 0.3 ಆಯಿತು. ಖುಷಿಯಾಯಿತು. ಇನ್ನು ನಾಲ್ಕು. ಅಷ್ಟರಲ್ಲಿ ರೇಡಾರಿನ ಲೆಕ್ಕ ಮತ್ತೆ 0.2. ಇನ್ನೆರಡು. ಮನಸ್ಸಿನ ಒಂದು ಮೂಲೆಯಲ್ಲಿ ಪಾಗಾರ. ಮೂರನೇ ವಾಯ್ಸ್ ಮೆಸೇಜಿನಲ್ಲಿ ಏನಿರಬಹುದು? ಪಕ್ಕದಲ್ಲಿ ಲುಕ್‌ಔಟ್ ನಿಂತಿದ್ದ ಸುಕಾನಿ, ಅಂದರೆ ಚುಕ್ಕಾಣಿ ಹಿಡಿಯುವವನು, ಎರಡು ಸಲ "ಸಾಬ್, ಪಾಸ್ ಆ ರಹಾ ಹೈ" ಎಂದ. "ಹಾಂ, ದೇಖ್ ರಹಾ ಹೂಂ" ಎಂದೆ. ನೋಡುತ್ತಿದ್ದೆ, ಅದು ನಿಜ. ಟಿವಿ ನೋಡಿದ ಹಾಗೆ.

ಕ್ಯಾಪ್ಟನ್‌ರ ಆದೇಶ ಪುಸ್ತಕ ಕಣ್ಣೆದುರೇ ಬಿಡಿಸಿಟ್ಟಿತ್ತು, ಕೆಳಗೆ ನನ್ನದೇ ಸಹಿ. ಒಂದು ಮೈಲಿಗಿಂತ ಹತ್ತಿರ ಬರುವಂತಿದ್ದರೆ ಕರಿ, ಅನುಮಾನವಿದ್ದರೆ ಕರಿ, ಅನುಮಾನ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೂ ಕರಿ. ಕರೆಯಲಿಲ್ಲ. ಹೊಸ ಥರ್ಡ್ ಸಾಬ್ ಒಂದು ಹಡಗಿಗೆ ಹೆದರಿ ಎಬ್ಬಿಸಿದ ಎಂದಾರು ಎಂಬ ನಾಚಿಕೆ.

ಎರಡೂವರೆ ಮೈಲಿಯಲ್ಲಿ ಎದುರಿನ ಹಡಗಿನಿಂದ ದೀಪ ಮಿಣುಕಿತು. ಒಂದು, ಎರಡು, ಮೂರು, ನಾಲ್ಕು, ಐದು. ನಿನ್ನ ಉದ್ದೇಶ ಏನೆಂದು ಅರ್ಥವಾಗುತ್ತಿಲ್ಲ ಎಂಬುದಕ್ಕೆ ಸಮುದ್ರದ ಭಾಷೆ ಅದು. ಅದೇ ಹೊತ್ತಿಗೆ, ರಾತ್ರಿಯ ಆದೇಶ ಬರೆಯಲು ಕ್ಯಾಪ್ಟನ್ ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಂದರು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ ಆ ಮಿಣುಕು ಕಂಡಿರಬೇಕು. ರೇಡಾರನ್ನು ಐದು ಸೆಕೆಂಡು ನೋಡಿದರು. "ಹ್ಯಾಂಡ್ ಸ್ಟೀರಿಂಗ್, ಸ್ಟಾರ್‌ಬೋರ್ಡ್ ಟ್ವೆಂಟಿ" ಎಂದರು, ಅಂದರೆ ಚಕ್ರ ಕೈಗೆ ತಗೋ, ಚುಕ್ಕಾಣಿ ಬಲಕ್ಕೆ ಇಪ್ಪತ್ತು. ಧ್ವನಿ ಏರಲಿಲ್ಲ. ಸುಕಾನಿ ಚಕ್ರ ಹಿಡಿದ, ಆದೇಶವನ್ನು ತಿರುಗಿ ಹೇಳಿದ. ಕಲ್ಲಿದ್ದಲು ತುಂಬಿದ ಹಡಗು ಮೊದಲು ಏನೂ ಆಗದಂತೆ ಇದ್ದು, ಆಮೇಲೆ ಒಮ್ಮೆಲೇ ಮೂತಿ ತಿರುಗಿಸಲು ಶುರು ಮಾಡುತ್ತದೆ. ಮೇಜಿನ ಮೇಲಿನ ಪೆನ್ಸಿಲು ಉರುಳಿ ಬಿತ್ತು. ಆ ಕೆಂಪು ದೀಪ ನಮ್ಮ ಮೂತಿಯ ಎದುರಿನಿಂದ ಹಾದು ಎಡಕ್ಕೆ ಬಂತು, ಬಂದು ಆರಿತು; ಅದರ ಬದಲು ಹಿಂಬದಿಯ ಒಂಟಿ ಬಿಳಿ ದೀಪ ಕಂಡಿತು. ಅವನು ಹೋದ. ಮೀನು ಬೋಟುಗಳು ಇನ್ನೂ ಮೂರು ಮೈಲಿ ಆಚೆ ತಮ್ಮ ಪಾಡಿಗಿದ್ದವು. ನಾನು ಹೆದರಿದ್ದ ಜಾತ್ರೆಗೆ ನಾವು ಹತ್ತಿರವೂ ಹೋಗಿರಲಿಲ್ಲ.

ಹಡಗು ಹಳೇ ದಾರಿಗೆ ಬಂದ ಮೇಲೆ ಕ್ಯಾಪ್ಟನ್ ಚಹಾ ಮಾಡಿಕೊಂಡರು. ನನಗೂ ಒಂದು. ಆಮೇಲೆ ಇಲೆಕ್ಟ್ರಾನಿಕ್ ನಕ್ಷೆಯ ಮೇಲೆ ನಮ್ಮ ಹಡಗು ಬಂದ ಜಾಡನ್ನು ತೋರಿಸಿದರು. ನಾನು ಐದು ಸಲ ತಿರುಗಿಸಿದ್ದೆನಲ್ಲ, ಅದು ಎಲ್ಲಿ ಎಂದು ಹುಡುಕಬೇಕಿತ್ತು, ಸೊಸೆ ಬಿಡಿಸಿದ ನೇರ ಗೆರೆಯಲ್ಲಿ ಅತ್ತೆ ಕಂಡ ಡೊಂಕಿನಷ್ಟು. "ಈಗ ನೀನು ಅವನ ಬ್ರಿಜ್ ಮೇಲೆ ನಿಲ್ಲು" ಎಂದರು. "ನಿನ್ನ ಯಾವ ದೀಪ ಕಾಣುತ್ತಿತ್ತು?"

"ಹಸಿರು, ಸರ್."

"17 ಡಿಗ್ರಿ ತಿರುಗಿದ ಮೇಲೆ?"

ಲೆಕ್ಕ ಹಾಕಿದೆ. ಹಸಿರೇ. ನಾನು ಹದಿನೆಂಟು ನಿಮಿಷ ಬೆವರಿದ್ದರಲ್ಲಿ ಅವನಿಗೆ ಕಂಡದ್ದು ಒಂದೇ ಹಸಿರು ದೀಪ, ಹತ್ತಿರ ಬರುತ್ತಿರುವುದು. ಕ್ಯಾಪ್ಟನ್ ತಿರುಗಿಸಿದ ಮೇಲೆ ಹಸಿರು ಆರಿ ಕೆಂಪು ಕಂಡಿತು. ಆಗಷ್ಟೇ ಅವನ ಉಸಿರು ಕೆಳಗಿಳಿದಿರಬೇಕು. "ನಾನು ಹತ್ತು ನಿಮಿಷ ತಡವಾಗಿ ಬಂದಿದ್ದರೆ?" ಎಂದು ಅವರು ಕೇಳಬಹುದು ಎಂದು ಕಾದಿದ್ದೆ. ಕೇಳಲಿಲ್ಲ. ಆದದ್ದನ್ನು ಆದ ಹಾಗೆ ಲಾಗ್‌ಬುಕ್ಕಿನಲ್ಲಿ ಬರೆ ಎಂದಷ್ಟೇ ಹೇಳಿದರು. ಬರೆಯುವಾಗ, ಒಂದೂವರೆ ತಾಸಿನ ಟಾರ್ಚ್ ಹಿಡಿದ ಆ ಚೀಫ್ ಆಫೀಸರ್ ನೆನಪಾದರು.

ಆಮೇಲೆ ನಾನು ನನಗೇ ಕೆಲವು ಕಟ್ಟಳೆ ಹಾಕಿಕೊಂಡೆ. ವಾಚಿಗೆ ಒಂದು ತಾಸು ಮೊದಲಿನಿಂದ ಫೋನು ಕ್ಯಾಬಿನ್ನಿನ ಡ್ರಾಯರಿನಲ್ಲಿ. ಮನೆಯ ಪಾಗಾರ ಹನ್ನೆರಡು ಗಂಟೆಯವರೆಗೆ ಕಾಯುತ್ತದೆ, ಅದೇನು ಓಡಿಹೋಗುವುದಿಲ್ಲ. ಇನ್ನೊಂದು, ಏನು ಮಾಡುತ್ತೇನೆ ಎಂಬುದನ್ನು ಮಾಡುವ ಮೊದಲು ಸುಕಾನಿಗೆ ಕೇಳುವಂತೆ ಜೋರಾಗಿ ಹೇಳುವುದು: "ಆರು ಮೈಲಿಯಲ್ಲಿ ಬಲಕ್ಕೆ ನಲವತ್ತು ತಿರುಗುತ್ತೇನೆ." ಮೊದಮೊದಲು ನಾಟಕದ ಹಾಗೆ ಅನಿಸಿತು. ಆದರೆ ಬಾಯಿಬಿಟ್ಟು ಹೇಳಿದ ಅಂಕಿಯನ್ನು ಮೂರು-ಮೂರು ಮಾಡಿ ಕೊಡಲು ನಾಚಿಕೆಯಾಗುತ್ತದೆ. ಮೂರನೆಯದು ಕ್ಯಾಪ್ಟನ್‌ರನ್ನು ಕರೆಯುವುದು. ಆ ಕಾಂಟ್ರಾಕ್ಟಿನಲ್ಲಿ ಹನ್ನೊಂದು ಸಲ ಕರೆದೆ. ಅದರಲ್ಲಿ ಏಳೆಂಟು ಸಲ ಅಗತ್ಯವಿರಲಿಲ್ಲ. ಪ್ರತಿ ಸಲವೂ ಅವರು ಚಪ್ಪಲಿ ಸದ್ದು ಮಾಡುತ್ತಾ ಬಂದರು, ನೋಡಿದರು, "ಸರಿ" ಎಂದು ಹೋದರು.

ಜೂನ್‌ನಲ್ಲಿ ಮನೆಗೆ ಬಂದೆ. ಪಾಗಾರ ಎದ್ದು ನಿಂತಿತ್ತು, ಅರ್ಧ ಅಡಿಗೆ ರಾಜಿಯಾಗಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಡ ಸೇರಿದ್ದವು. ಮಾವ ತಗಡಿನ ಮಾಡಿನ ಕೆಳಗೆ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಮಳೆ ಸುರಿಯುತ್ತಿತ್ತು. ಕೊಚ್ಚಿಯ ರಾತ್ರಿಯನ್ನು ಅವನಿಗೊಬ್ಬನಿಗೆ ಪೂರ್ತಿ ಹೇಳಿದೆ. ಅಳಿವೆಯ ಮಾತನ್ನೇ ನನಗೆ ತಿರುಗಿ ಹೇಳುತ್ತಾನೆ ಎಂದುಕೊಂಡಿದ್ದೆ. ಅವನಿಗೆ ಅದು ನೆನಪೇ ಇರಲಿಲ್ಲ. ಅವನು ಹಿಡಿದದ್ದು ಬೇರೆ ತುದಿಯನ್ನು.

"ಆ ಬೋಟಿನವ್ರು ಎಷ್ಟ್ ದೂರ ಇದ್ರು?"

"ಮೂರು ಮೈಲಿ."

"ಅವ್ರಿಗೆ ನೀ ಯಾವ ಕಡೆ ಹೋಗೂದು ಅಂತ ಗೊತ್ತಾಗಿತ್ತಾ?"

ನಾನು ಯೋಚಿಸಿರಲಿಲ್ಲ. ಅವನು ಸೂಜಿ ನಿಲ್ಲಿಸದೆ ಹೇಳಿದ, ನಿಮ್ಮ ಹಡಗು ಬಂತೆಂದರೆ ನಮಗೆ ಕಾಣುವುದು ಬೆಟ್ಟದಂಥ ಕತ್ತಲು, ಮೇಲೆರಡು ದೀಪ. ತಿರುಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ಬಲೆ ಕಡಲಲ್ಲಿ ಇಳಿಬಿಟ್ಟಾಗಿದೆ, ಎಳೆದುಕೊಳ್ಳಲು ತಾಸು ಬೇಕು. "ಎರಡ್ ಸಲ ಬಲೆ ಕಡ್ದು ಓಡಿದೆ ನಾನು. ಒಂದ್ ಸಲ ಹಡಗು ಕಡೀಗೆ ತಿರ್ಗಿ ಹೋಯ್ತು. ಮೊದ್ಲೇ ತಿರ್ಗಿದ್ರೆ ಬಲೆ ಉಳೀತಿತ್ತು."

ಆ ಬಲೆಗೆ ಎಷ್ಟಾಗಿತ್ತು ಎಂದು ಕೇಳಿದೆ. ಹೇಳಿದ. ಅದು ನನ್ನ ಅಪ್ಪ ಏಜೆಂಟನಿಗೆ ಕೊಟ್ಟದ್ದಕ್ಕಿಂತ ಜಾಸ್ತಿ.

"ಈ ತುದಿ ಹಿಡ್ಕೊ" ಎಂದು ಬಲೆಯ ಒಂದು ಅಂಚು ನನ್ನ ಕಡೆ ಎಸೆದ. "ಬಿಗೀ ಹಿಡಿ. ಸಡ್ಲ ಬಿಟ್ರೆ ಕಣ್ಣು ಅಡ್ಡಾದಿಡ್ಡಿ ಬರ್ತದೆ."